ಏರುತ್ತಿರುವ ಷೇರು: ಮಾರುವುದೋ, ಇಟ್ಟುಕೊಳ್ಳುವುದೋ?

ನಷ್ಟ ಬಂದಾಗ ಹೇಗೆ ನಡೆದುಕೊಳ್ಳಬೇಕೆಂದು ಹೇಳಿಕೊಡುವವರು ನಮಗೆ ಬಹಳ ಮಂದಿ ಇದ್ದಾರೆ. ಬೆಳೆ ಒಣಗಿದರೆ, ಕೆಲಸ ಹೋದರೆ, ಮನೆಯ ಹಿರಿಯರು ಹಾಸಿಗೆ ಹಿಡಿದರೆ ನೆರೆಹೊರೆಯವರು ಬಂದು ಧೈರ್ಯ ಹೇಳುತ್ತಾರೆ. ಗುರುಗಳು ಮನೆಗೆ ಬಂದು ಪ್ರಾರ್ಥಿಸುತ್ತಾರೆ. ಆದರೆ ಕೈಯಲ್ಲಿರುವ ವಸ್ತುವಿನ ಬೆಲೆ ದಿನದಿಂದ ದಿನಕ್ಕೆ ಏರುತ್ತಿರುವಾಗ ಹೇಗೆ ನಡೆದುಕೊಳ್ಳಬೇಕೆಂದು ಹೇಳಿಕೊಡುವವರು ವಿರಳ. ‘ಅದೂ ಒಂದು ಕಷ್ಟವೇ?’ ಎಂದು ತಾವು ನಗಬಹುದು. ಆದರೆ ಇಂದು ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳ ಮಕ್ಕಳು ಬೆಂಗಳೂರಿನ ತಂತ್ರಜ್ಞಾನ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಅವರಲ್ಲಿ ಕೆಲವರಿಗೆ ಸಂಬಳದ ಒಂದು ಪಾಲು ಷೇರುಗಳ ರೂಪದಲ್ಲಿ ಬರುತ್ತದೆ. ಇನ್ನು ಕೆಲವರು ಉಳಿತಾಯದ ಹಣದಿಂದ ಷೇರು ಕೊಳ್ಳುತ್ತಾರೆ. ಆ ಷೇರಿನ ಬೆಲೆ ಎರಡು ಪಟ್ಟು, ಮೂರು ಪಟ್ಟು ಆದಾಗ ಮನೆಯೊಳಗೆ ಹುಟ್ಟುವ ಪ್ರಶ್ನೆ ಒಂದೇ: ಈಗ ಮಾರುವುದೋ, ಇನ್ನಷ್ಟು ಕಾಲ ಇಟ್ಟುಕೊಳ್ಳುವುದೋ? ಈ ಪ್ರಶ್ನೆಯಿಂದ ಒಡಹುಟ್ಟಿದವರು ಮಾತು ಬಿಟ್ಟದ್ದನ್ನು, ತಂದೆ ಮಕ್ಕಳು ಮುನಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಆದುದರಿಂದ ಇದು ಹಣವಂತರ ವಿನೋದವೆಂದು ತಳ್ಳಿಹಾಕದೆ ಸ್ವಲ್ಪ ಹೊತ್ತು ನನ್ನೊಡನೆ ಯೋಚಿಸಬೇಕೆಂದು ಕೋರುತ್ತೇನೆ.

ನಮ್ಮ ಸೀಮೆ ಕಲಿಸಿದ ಪಾಠ

ಷೇರು ಎಂಬ ಮಾತು ನಮ್ಮ ಮೊಳಕಾಲ್ಮೂರಿಗೆ ಹೊಸದಿರಬಹುದು. ಮಾರಲೋ ಇಟ್ಟುಕೊಳ್ಳಲೋ ಎಂಬ ಪ್ರಶ್ನೆ ಮಾತ್ರ ಹೊಸದಲ್ಲ. ಮಳೆ ಕಡಿಮೆಯಾದ ಈ ಸೀಮೆಯ ಜನ ತಲೆಮಾರುಗಳಿಂದ ಆ ಪ್ರಶ್ನೆಯೊಡನೆಯೇ ಬಾಳಿ ಬಂದಿದ್ದಾರೆ.

ರೇಷ್ಮೆಗೂಡನ್ನು ನೋಡಿ. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಹಾಗೆ ತೂತಾದ ಗೂಡಿನಿಂದ ಉದ್ದನೆಯ ನೂಲು ಬಿಚ್ಚಲಾಗದು. ಆದ್ದರಿಂದ ಗೂಡು ಬಿಡಿಸಿದ ರೈತನು ಮಾರುಕಟ್ಟೆಗೆ ಓಡಲೇಬೇಕು. ಹರಾಜಿನಲ್ಲಿ ಕೂಗಿದ ಬೆಲೆಗೆ ಒಪ್ಪಲೇಬೇಕು. ‘ಮುಂದಿನ ತಿಂಗಳು ಬೆಲೆ ಏರೀತು’ ಎಂದು ಗೂಡನ್ನು ಮನೆಯಲ್ಲಿ ಇಟ್ಟುಕೊಂಡವನು ಯಾರೂ ಇಲ್ಲ. ಗೂಡಿಗೆ ಪ್ರಕೃತಿಯೇ ಗಡುವು ಹಾಕಿದೆ.

ಶೇಂಗಾ ಸ್ವಲ್ಪ ಉದಾರಿ. ಕಿತ್ತು, ಬಿಡಿಸಿ, ಒಣಗಿಸಿದ ಕಾಯಿ ಕೆಲವು ತಿಂಗಳು ಕಾಯಬಲ್ಲದು. ಆದರೆ ದಿನ ಕಳೆದಂತೆ ತೂಕ ಇಳಿಯುತ್ತದೆ, ಹುಳ ಹಿಡಿಯುತ್ತದೆ, ಇಲಿ ಚೀಲ ಕಡಿಯುತ್ತದೆ. ಸಾಲ ಕೊಟ್ಟವರಂತೂ ಕಾಯುವುದಿಲ್ಲ. ಇನ್ನು ನಮ್ಮ ಊರಿಗೆ ಹೆಸರು ತಂದ ಮೊಳಕಾಲ್ಮೂರು ಸೀರೆ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇದ್ದರೂ ಕೆಡದು. ಆದರೆ ನೇಕಾರನು ಮುಂದಿನ ಹಾಸಿಗೆ ರೇಷ್ಮೆ ಮತ್ತು ಜರಿ ಕೊಳ್ಳಬೇಕಲ್ಲವೇ? ಮಗ್ಗ ಸುಮ್ಮನಿರಬಾರದೆಂದು ಅವನು ಸೀರೆಯನ್ನು ಬಿಟ್ಟುಕೊಡುತ್ತಾನೆ.

ಷೇರು ಇವುಗಳಂತಲ್ಲ. ಅದಕ್ಕೆ ಹುಳ ಹಿಡಿಯದು, ತೂಕ ಇಳಿಯದು, ಇಡಲು ಉಗ್ರಾಣ ಬೇಡ. ಎಷ್ಟು ವರ್ಷ ಬೇಕಾದರೂ ಅದು ಸುಮ್ಮನೆ ಕಾಯುತ್ತದೆ. ಅದರ ಗುಣವೂ ಇದೇ, ಅಪಾಯವೂ ಇದೇ. ‘ಇಂದೇ ಮಾರು’ ಎಂದು ಅವಸರಪಡಿಸುವ ಚಿಟ್ಟೆ ಅದರೊಳಗಿಲ್ಲ. ಗಡುವನ್ನು ಮನುಷ್ಯನೇ ಹಾಕಿಕೊಳ್ಳಬೇಕು. ಮೊಬೈಲಿನ ಪರದೆಯ ಮೇಲೆ ಕ್ಷಣಕ್ಷಣಕ್ಕೂ ಬೆಲೆ ಬದಲಾಗುತ್ತಿರುವಾಗ ಗಡುವು ಹಾಕಿಕೊಳ್ಳುವುದು ಸುಲಭದ ಮಾತಲ್ಲ.

ಕಾದವರ ಕಥೆ

ಷೇರಿನ ಮಾತು ಬಂದಾಗ ಕರ್ನಾಟಕದಲ್ಲಿ ಎಲ್ಲರೂ ಹೇಳುವ ಕಥೆ ಇನ್ಫೋಸಿಸ್‌ನದು. ರೇಷ್ಮೆಗೆ ಹೆಸರಾದ ಶಿಡ್ಲಘಟ್ಟದಲ್ಲಿ ಹುಟ್ಟಿದ ಎನ್. ಆರ್. ನಾರಾಯಣ ಮೂರ್ತಿಯವರು ಆರು ಮಂದಿ ಸಂಗಡಿಗರೊಡನೆ 1981ರಲ್ಲಿ 10,000 ರೂಪಾಯಿ ಬಂಡವಾಳದಿಂದ ಪುಣೆಯಲ್ಲಿ ಈ ಸಂಸ್ಥೆಯನ್ನು ಆರಂಭಿಸಿದರು. 1983ರಲ್ಲಿ ಅದು ಬೆಂಗಳೂರಿಗೆ ಬಂದಿತು. 1990ರಲ್ಲಿ ಅವರ ಮುಂದೆಯೂ ಇದೇ ಪ್ರಶ್ನೆ ಬಂದು ನಿಂತಿತು. ಇಡೀ ಕಂಪನಿಯನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳಲು ಒಬ್ಬರು ಮುಂದಾಗಿದ್ದರು. ಒಂಬತ್ತು ವರ್ಷ ದುಡಿದು ದಣಿದಿದ್ದ ಸಂಗಡಿಗರು ಕೂಡಿ ಚರ್ಚಿಸಿದರು. ಕೊನೆಗೆ ನಾರಾಯಣ ಮೂರ್ತಿಯವರು, ಮಾರಲು ಬಯಸುವವರ ಪಾಲನ್ನೆಲ್ಲ ತಾವೇ ಕೊಳ್ಳುವುದಾಗಿ ಹೇಳಿದರಂತೆ. ಕೊಳ್ಳಲು ಅವರ ಕೈಯಲ್ಲಿ ಹಣವಿರಲಿಲ್ಲ, ನಂಬಿಕೆ ಇತ್ತು. ಆ ದಿನ ಯಾರೂ ಮಾರಲಿಲ್ಲ.

1993ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ಷೇರು ನೀಡಿದಾಗ ಒಂದು ಷೇರಿನ ಬೆಲೆ 95 ರೂಪಾಯಿ. ಅಷ್ಟಕ್ಕೂ ಕೊಳ್ಳುವವರು ಸಾಲದೆ ಹೋದರು. ಮಾರ್ಗನ್ ಸ್ಟಾನ್ಲಿ ಎಂಬ ವಿದೇಶಿ ಸಂಸ್ಥೆ ನೂರಕ್ಕೆ 13 ಪಾಲು ಕೊಂಡು ಕೊರತೆಯನ್ನು ತುಂಬಿತು. ಜೂನ್ ತಿಂಗಳಲ್ಲಿ ಮಾರುಕಟ್ಟೆಗೆ ಬಂದಾಗ ಬೆಲೆ 145 ರೂಪಾಯಿ. ನಾಲ್ಕು ತಿಂಗಳಲ್ಲಿ ಬೆಲೆ ಒಂದೂವರೆ ಪಟ್ಟು! ಆಗಲೇ ಮಾರಿ ಸಂತೋಷಪಟ್ಟವರು ಎಷ್ಟೋ ಮಂದಿ ಇದ್ದಿರಬೇಕು.

ಮಾರದೆ ಉಳಿದವರ ಲೆಕ್ಕವನ್ನು ಒಬ್ಬ ಗಣಿತದ ಮೇಷ್ಟರಾಗಿ ತಮ್ಮ ಮುಂದಿಡುತ್ತೇನೆ. 9,500 ರೂಪಾಯಿಗೆ 100 ಷೇರು ಕೊಂಡವರಿಗೆ 1994, 1997 ಮತ್ತು 1999ರಲ್ಲಿ ಒಂದಕ್ಕೆ ಒಂದರಂತೆ ಬೋನಸ್ ಷೇರು ಸಿಕ್ಕಿ 800 ಆದವು. 2000ದಲ್ಲಿ ಹತ್ತು ರೂಪಾಯಿ ಮುಖಬೆಲೆಯ ಷೇರನ್ನು ಐದು ರೂಪಾಯಿಯ ಎರಡಾಗಿ ಒಡೆದಾಗ 1,600. 2004ರಲ್ಲಿ ಒಂದಕ್ಕೆ ಮೂರರಂತೆ ಬಂದಾಗ 6,400. ಬಳಿಕ 2006, 2014, 2015 ಮತ್ತು 2018ರಲ್ಲಿ ಒಂದಕ್ಕೆ ಒಂದರಂತೆ ಸೇರಿ ಒಟ್ಟು 1,02,400 ಷೇರುಗಳು. ಒಂದು ಷೇರಿಗೆ ಕೇವಲ ಸಾವಿರ ರೂಪಾಯಿ ಎಂದು ಹಿಡಿದರೂ ಹತ್ತು ಕೋಟಿ ರೂಪಾಯಿ ದಾಟುತ್ತದೆ.

ಈ ಲೆಕ್ಕವನ್ನು ಕೇಳಿದವರು ‘ಹಾಗಾದರೆ ಎಂದೂ ಮಾರಬಾರದು’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಆದರೆ ನಡುವಿನ ಒಂದು ಪುಟವನ್ನು ಅವರು ಓದಿರುವುದಿಲ್ಲ. 2000ದ ಮಾರ್ಚ್‌ನಲ್ಲಿ ಇನ್ಫೋಸಿಸ್ ಷೇರು ಹತ್ತು ಸಾವಿರ ರೂಪಾಯಿ ದಾಟಿತ್ತು. 2001ರ ಸೆಪ್ಟೆಂಬರ್‌ನಲ್ಲಿ ಅದೇ ಷೇರು ಮೂರು ಸಾವಿರಕ್ಕೂ ಕೆಳಗೆ ಬಿದ್ದಿತ್ತು. ಹತ್ತು ಕೋಟಿಯ ಕಥೆಯ ನಾಯಕನಾಗಬೇಕಾದವನು, ತನ್ನ ಸಂಪತ್ತಿನ ಹತ್ತರಲ್ಲಿ ಏಳು ಪಾಲು ಕಣ್ಣೆದುರೇ ಕರಗಿದಾಗಲೂ ಅಲುಗಾಡದೆ ಕುಳಿತಿರಬೇಕಾಗಿತ್ತು. ಹಾಗೆ ಕುಳಿತಿರಲು ಯಾರಿಂದ ಸಾಧ್ಯ? ಮಗಳ ಮದುವೆಗೆ, ತಾಯಿಯ ಶಸ್ತ್ರಚಿಕಿತ್ಸೆಗೆ, ಸಾಲದ ಕಂತಿಗೆ ಆ ಹಣವನ್ನೇ ನೆಚ್ಚಿಕೊಂಡವನಿಂದ ಸಾಧ್ಯವಿಲ್ಲ. ಅವನು ಎಷ್ಟು ಜಾಣನಾಗಿದ್ದರೂ ಬಿದ್ದ ಬೆಲೆಗೇ ಮಾರಬೇಕಾಗುತ್ತದೆ. ಕಾಯುವ ಶಕ್ತಿ ಬುದ್ಧಿಯಿಂದ ಬರುವುದಕ್ಕಿಂತ ಹೆಚ್ಚಾಗಿ ಮನೆಯ ನಿಶ್ಚಿಂತೆಯಿಂದ ಬರುತ್ತದೆ.

ಹೇಳದೆ ಉಳಿದ ಕಥೆಗಳು

ಗೆದ್ದವರ ಕಥೆ ಊರೂರು ಸುತ್ತುತ್ತದೆ. ಸೋತವರ ಕಥೆ ಮನೆಯ ಹೊಸ್ತಿಲು ದಾಟುವುದಿಲ್ಲ. 2000ದಲ್ಲಿ ಇನ್ಫೋಸಿಸ್‌ನಂತೆಯೇ ಏರಿದ್ದ ಪೆಂಟಾಮೀಡಿಯಾ, ಡಿಎಸ್‌ಕ್ಯೂ ಸಾಫ್ಟ್‌ವೇರ್, ಸಿಲ್ವರ್‌ಲೈನ್ ಎಂಬ ಹೆಸರುಗಳನ್ನು ಇಂದಿನ ಯುವಕರು ಕೇಳಿಯೂ ಇಲ್ಲ. ದಲ್ಲಾಳಿ ಕೇತನ್ ಪಾರೇಖ್ ಅವರು 2001ರಲ್ಲಿ ಬಂಧನಕ್ಕೊಳಗಾದ ಹಗರಣದೊಡನೆ ಅವುಗಳ ಹೊಳಪೂ ಮಾಸಿಹೋಯಿತು. ಅವುಗಳನ್ನು ಹಿಡಿದುಕೊಂಡು ಕಾದವರ ತಾಳ್ಮೆ ಇನ್ಫೋಸಿಸ್ ಹಿಡಿದವರ ತಾಳ್ಮೆಗಿಂತ ಕಡಿಮೆಯದೇನಾಗಿರಲಿಲ್ಲ.

ನೆರೆಯ ಹೈದರಾಬಾದಿನ ಸತ್ಯಂ ಕಂಪನಿಯನ್ನು ನೆನೆಯಿರಿ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಅವರು ಲೆಕ್ಕಪತ್ರಗಳಲ್ಲಿ ತೋರಿಸಿದ್ದ ಹಣ ನಿಜವಾಗಿ ಇಲ್ಲವೆಂದು ಪತ್ರ ಬರೆದು ಒಪ್ಪಿಕೊಂಡರು. ಹಿಂದಿನ ದಿನ 180 ರೂಪಾಯಿಯ ಸುಮಾರಿನಲ್ಲಿದ್ದ ಷೇರು ಆ ದಿನ ಮಾರುಕಟ್ಟೆ ಮುಚ್ಚುವ ಹೊತ್ತಿಗೆ 40 ರೂಪಾಯಿಯ ಸುಮಾರಿಗೆ ಇಳಿಯಿತು. ಅಲ್ಲಿ ದುಡಿಯುತ್ತಾ ಅಲ್ಲಿಯ ಷೇರನ್ನೇ ಉಳಿತಾಯವೆಂದು ಇಟ್ಟುಕೊಂಡಿದ್ದವರಿಗೆ ಒಂದೇ ದಿನದಲ್ಲಿ ಎರಡು ಭಯ: ನಾಳೆ ಸಂಬಳ ಬಂದೀತೇ? ನಿನ್ನೆಯ ಉಳಿತಾಯ ಉಳಿದೀತೇ? ಅನ್ನ ಕೊಡುವ ಮರದ ಕೊಂಬೆಗೇ ಬುತ್ತಿಯ ಗಂಟನ್ನೂ ಕಟ್ಟಿದಂತಾಯಿತು. ಕಂಪನಿಯಿಂದ ಷೇರು ಪಡೆಯುವ ನಮ್ಮ ಮಕ್ಕಳು ಮರೆಯಬಾರದ ಮಾತಿದು.

ಮೋಸವೇ ಇಲ್ಲದ ಕಡೆಯಲ್ಲಿಯೂ ಬೆಲೆ ಕೈಕೊಡಬಹುದು. ಬೆಂಗಳೂರಿನಲ್ಲಿಯೂ ದೊಡ್ಡ ಕಚೇರಿ ಹೊಂದಿರುವ ಅಮೆರಿಕದ ಸಿಸ್ಕೊ 2000ದ ಮಾರ್ಚ್‌ನಲ್ಲಿ ಜಗತ್ತಿನಲ್ಲಿಯೇ ಅತಿ ಹೆಚ್ಚು ಬೆಲೆಬಾಳುವ ಕಂಪನಿಯಾಗಿತ್ತು. ಅದು ಮುಳುಗಲಿಲ್ಲ, ಅದರ ವ್ಯಾಪಾರ ಮುಂದೆ ಬೆಳೆಯಿತು. ಆದರೂ ಇಪ್ಪತ್ತು ವರ್ಷಗಳ ನಂತರವೂ ಅದರ ಷೇರು ಆ ಮಾರ್ಚ್ ತಿಂಗಳ ಬೆಲೆಯನ್ನು ಮತ್ತೆ ಮುಟ್ಟಿರಲಿಲ್ಲ. ಕಾರಣವೇನು? ವರ್ಷಕ್ಕೆ ಹತ್ತು ಸಾವಿರ ಗುತ್ತಿಗೆ ತರುವ ಹೊಲವನ್ನು ಮೂರು ಲಕ್ಷಕ್ಕೆ ಕೊಂಡವನು ಮೂವತ್ತು ವರ್ಷಗಳ ಗುತ್ತಿಗೆಯನ್ನು ಮುಂಗಡವಾಗಿ ಕೊಟ್ಟಂತಾಯಿತು. ಅದೇ ಹೊಲವನ್ನು ಇಪ್ಪತ್ತು ಲಕ್ಷಕ್ಕೆ ಕೊಂಡರೆ? ಹೊಲ ಒಳ್ಳೆಯದೇ, ಕೊಟ್ಟ ಬೆಲೆ ಮಾತ್ರ ಮೊಮ್ಮಕ್ಕಳ ಕಾಲದ ಫಸಲನ್ನೂ ಸೇರಿಸಿಕೊಂಡಿದೆ. ಷೇರಿನ ಬೆಲೆಯಲ್ಲಿಯೂ ಇಂದಿನ ಲಾಭ ಸ್ವಲ್ಪ, ನಾಳೆಯ ನಿರೀಕ್ಷೆ ಬಹಳ. ನಿರೀಕ್ಷೆ ಕುಗ್ಗಿದರೆ ಲಾಭ ಕುಗ್ಗದಿದ್ದರೂ ಬೆಲೆ ಇಳಿಯುತ್ತದೆ.

ಇತ್ತೀಚಿನ ಉದಾಹರಣೆ ಬೇಕಾದರೆ ಎನ್‌ವಿಡಿಯಾ ಇದೆ. 2021ರ ನವೆಂಬರ್‌ನಿಂದ 2022ರ ಅಕ್ಟೋಬರ್‌ವರೆಗೆ ಅದರ ಷೇರು ಮೂರರಲ್ಲಿ ಸುಮಾರು ಎರಡು ಪಾಲು ಬೆಲೆ ಕಳೆದುಕೊಂಡಿತು. ಅನಂತರ ಎಲ್ಲರೂ ಬೆರಗಾಗುವಂತೆ ಏರಿತು. 2025ರ ಜನವರಿ 27ರಂದು ಚೀನಾದ ಹೊಸ ಕೃತಕ ಬುದ್ಧಿಮತ್ತೆಯ ಸುದ್ದಿಯಿಂದಾಗಿ ಒಂದೇ ದಿನ ನೂರಕ್ಕೆ 17ರಷ್ಟು ಕುಸಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಐದು ಲಕ್ಷ ಕೋಟಿ ಡಾಲರ್ ಬೆಲೆಯ ಮೊದಲ ಕಂಪನಿಯೆನಿಸಿತು. ಈ ನಾಲ್ಕು ತಿರುವುಗಳಲ್ಲಿ ಯಾವುದನ್ನಾದರೂ ಮೊದಲೇ ನಿಖರವಾಗಿ ಹೇಳಬಲ್ಲವರಿದ್ದರೇ?

ಇಷ್ಟು ದೂರ ಹೋಗುವುದೇಕೆ? ನಮ್ಮ ಪಕ್ಕದ ಚಳ್ಳಕೆರೆಯನ್ನೇ ನೋಡೋಣ. ಶೇಂಗಾ ಎಣ್ಣೆಯ ವ್ಯಾಪಾರದಲ್ಲಿ ಮುಂಬಯಿಯ ನಂತರ ಚಳ್ಳಕೆರೆಯೇ ಎಂದು ಹಿರಿಯರು ಹೆಮ್ಮೆಯಿಂದ ಹೇಳುತ್ತಿದ್ದರು. ‘ಎಣ್ಣೆ ನಗರಿ’ ಎಂದೇ ಅದಕ್ಕೆ ಹೆಸರು. 1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆದ ಮೇಲೆ ಅಗ್ಗದ ಎಣ್ಣೆ ಹಡಗುಗಳಲ್ಲಿ ಬಂದಿಳಿಯಿತು. ಒಂದೊಂದಾಗಿ ಎಣ್ಣೆ ಗಿರಣಿಗಳ ಸದ್ದು ಅಡಗಿತು. ಗಿರಣಿಯವರು ಸೋಮಾರಿಗಳಾಗಿರಲಿಲ್ಲ, ಲೋಕ ಬದಲಾಯಿತು, ಅಷ್ಟೇ. ಇಂದಿನ ತಂತ್ರಜ್ಞಾನ ಕಂಪನಿಗಳಿಗೂ ಅಂಥ ದಿನ ಬರಲಾರದೆಂದು ಯಾರು ಹೇಳಬಲ್ಲರು?

ಅಕ್ಕನ ಮನೆಯ ಲೆಕ್ಕ

ಹಾಗಾದರೆ ಇಟ್ಟುಕೊಂಡವರೂ ಗೆದ್ದಿದ್ದಾರೆ, ಸೋತೂ ಇದ್ದಾರೆ. ಬೆಲೆಯನ್ನು ಕೇಳಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲವೆಂದಾಯಿತು. ಬೇರೆ ಯಾರನ್ನು ಕೇಳಬೇಕು? ನನ್ನ ಅಕ್ಕನ ಮನೆಯಲ್ಲಿ ನಡೆದುದನ್ನು ಹೇಳಿದರೆ ಇದು ಸ್ಪಷ್ಟವಾದೀತು.

ಭಾವ ಮಗ್ಗದ ಕೆಲಸದವರು. ಕಣ್ಣು ಮಂಜಾದ ಮೇಲೆ ಮಗ್ಗವನ್ನು ಬಿಟ್ಟರು. ಇದ್ದ ಆಸ್ತಿಯೆಂದರೆ ಒಂದು ಹಳೆಯ ಮನೆ, ಎರಡು ಎಕರೆ ಖುಷ್ಕಿ ಜಮೀನು. ಮಗನ ಎಂಜಿನಿಯರಿಂಗ್ ಓದಿಗಾಗಿ ಆ ಜಮೀನಿನ ಪತ್ರವನ್ನು ಅಡವಿಟ್ಟು ಐದು ಲಕ್ಷ ರೂಪಾಯಿ ಸಾಲ ಮಾಡಿದ್ದರು. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ಕೇಳಲು ಸಣ್ಣದು; ಲೆಕ್ಕ ಹಾಕಿದರೆ ತಿಂಗಳಿಗೆ ಹತ್ತು ಸಾವಿರ, ವರ್ಷಕ್ಕೆ ಒಂದು ಲಕ್ಷದ ಇಪ್ಪತ್ತು ಸಾವಿರ. ಹುಡುಗ ಚೆನ್ನಾಗಿ ಓದಿದ. ಚಿಪ್‌ಗಳನ್ನು ರೂಪಿಸುವ ಒಂದು ವಿದೇಶಿ ಕಂಪನಿಯ ಬೆಂಗಳೂರು ಕಚೇರಿಯಲ್ಲಿ ಕೆಲಸ ದೊರೆಯಿತು. ಬಡ್ಡಿಯನ್ನು ತಪ್ಪದೆ ಕಳುಹಿಸುತ್ತಿದ್ದ. ಅಸಲು ಹಾಗೆಯೇ ಉಳಿದಿತ್ತು. ತಂಗಿ ನರ್ಸಿಂಗ್ ಓದುತ್ತಿದ್ದಳು.

ನಾಲ್ಕು ವರ್ಷಗಳಲ್ಲಿ ಕಂಪನಿಯು ಅವನಿಗೆ ಕೊಟ್ಟ ಷೇರುಗಳ ಬೆಲೆ, ಕೊಟ್ಟ ದಿನಗಳ ಲೆಕ್ಕದಲ್ಲಿ ಹನ್ನೆರಡು ಲಕ್ಷ ರೂಪಾಯಿ. ಏರುತ್ತಾ ಏರುತ್ತಾ ಅದು ಮೂವತ್ತಾರು ಲಕ್ಷವಾಯಿತು. ಆಗ ಮನೆಯಲ್ಲಿ ಮೂರು ಅಭಿಪ್ರಾಯಗಳು ಎದ್ದವು. ಭಾವ, “ಇವತ್ತೇ ಎಲ್ಲ ಮಾರಿ ಬ್ಯಾಂಕಿನಲ್ಲಿಡು. ಕಾಣದ ದೇಶದ ಕಾಗದ ನಮಗೇಕೆ?” ಎಂದರು. ಅಳಿಯ ನನ್ನ ಕಡೆ ತಿರುಗಿ, “ಮಾವ, ನೀವೇ ಲೆಕ್ಕ ಹಾಕಿ. ಮೂರು ಪಟ್ಟು ಏರಿರುವುದನ್ನು ಮಾರಿ ಸಾಲ ತೀರಿಸುವುದು ಜಾಣತನವೇ? ಇನ್ನೆರಡು ವರ್ಷ ಬಿಟ್ಟರೆ ಒಂದು ಮನೆಯನ್ನೇ ಕೊಳ್ಳಬಹುದು” ಎಂದ. ಅಕ್ಕ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, “ಜಮೀನಿನ ಪತ್ರ ಮನೆಗೆ ಬರಲಿ. ಮಿಕ್ಕಿದ್ದು ನಿಮ್ಮಿಷ್ಟ” ಎಂದಳು.

ಅಳಿಯನ ಲೆಕ್ಕ ತಪ್ಪೆಂದು ನಾನು ಹೇಳಲಿಲ್ಲ, ಅದು ಅಪೂರ್ಣವಾಗಿತ್ತು. ನಾನು ಹೇಳಿದ್ದು ಇಷ್ಟೇ: ‘ನಿನ್ನ ಷೇರು ಹಿಂದೆ ಏರಿದ್ದು ನಿಜ. ಮುಂದೆ ಏರೀತು ಎಂಬುದು ಆಸೆ. ಆದರೆ ನೂರಕ್ಕೆ ಇಪ್ಪತ್ನಾಲ್ಕು ಬಡ್ಡಿ ಮುಂದಿನ ವರ್ಷವೂ ಹೋಗುವುದು ಖಚಿತ. ಆ ಸಾಲ ತೀರಿಸುವುದೆಂದರೆ ವರ್ಷಕ್ಕೆ ನೂರಕ್ಕೆ ಇಪ್ಪತ್ನಾಲ್ಕು ಲಾಭ ತರುವ, ಎಂದೂ ಬೀಳದ ಷೇರೊಂದನ್ನು ಕೊಂಡಂತೆ. ಅಂಥ ಷೇರು ಯಾವ ಪೇಟೆಯಲ್ಲಿಯೂ ಸಿಗದು.’ ಬಳಿಕ ಇನ್ನೊಂದು ಪ್ರಶ್ನೆ ಕೇಳಿದೆ: ‘ಇಂದು ಯಾರಾದರೂ ನಿನ್ನ ಕೈಗೆ ಮೂವತ್ತಾರು ಲಕ್ಷ ನಗದು ಕೊಟ್ಟು, ಅಡವಿಟ್ಟ ಜಮೀನು ಹಾಗೆಯೇ ಇರಲಿ, ಎಲ್ಲವನ್ನೂ ಈ ಒಂದೇ ಕಂಪನಿಯ ಷೇರಿಗೆ ಹಾಕು ಎಂದರೆ ಹಾಕುವೆಯಾ?’ ಅವನು ತಡೆದು, “ಎಲ್ಲವನ್ನೂ ಹಾಕುವುದಿಲ್ಲ ಮಾವ” ಎಂದ. ಮಾರದೆ ಇಟ್ಟುಕೊಳ್ಳುವುದೆಂದರೆ ಪ್ರತಿದಿನವೂ ಆ ಬೆಲೆಗೆ ಮತ್ತೆ ಕೊಳ್ಳುವುದೇ ಎಂಬುದು ಆಗ ಅವನಿಗೆ ಹೊಳೆಯಿತು.

ಕಣದ ಮೂರು ರಾಶಿಗಳು

ದಾರಿ ತೋರಿಸಿದ್ದು ನಮ್ಮ ಕಣದ ಪದ್ಧತಿ. ಬುದ್ಧಿವಂತ ರೈತನು ಫಸಲನ್ನು ಒಂದೇ ರಾಶಿಯಾಗಿ ನೋಡುವುದಿಲ್ಲ. ಸಾಲಕ್ಕೂ ಊಟಕ್ಕೂ ಬೇಕಾದುದನ್ನು ಬೆಲೆ ಎಷ್ಟಿದ್ದರೂ ಮಾರುತ್ತಾನೆ. ಬಿತ್ತನೆಯ ಬೀಜವನ್ನು ಬೆಲೆ ಎಷ್ಟೇ ಏರಿದರೂ ಮುಟ್ಟುವುದಿಲ್ಲ. ಇವೆರಡೂ ತೆಗೆದು ಮಿಕ್ಕಿದ್ದನ್ನು ಮಾತ್ರ ಒಳ್ಳೆಯ ಬೆಲೆಗಾಗಿ ಕಾಯಲು ಬಿಡುತ್ತಾನೆ. ಅಳಿಯನ ಷೇರುಗಳನ್ನೂ ಹಾಗೆಯೇ ವಿಂಗಡಿಸಿದೆವು.

ಮೊದಲ ರಾಶಿ ಅಗತ್ಯದ್ದು. ಸಾಲಕ್ಕೆ ಐದು ಲಕ್ಷ, ತಂಗಿಯ ಓದಿಗೆ ಮೂರು ಲಕ್ಷ, ಮನೆಯ ಮಾಡಿನ ದುರಸ್ತಿಗೆ ಎರಡು ಲಕ್ಷ, ಕಾಯಿಲೆ ಕಸಾಲೆಗೆಂದು ಬ್ಯಾಂಕಿನಲ್ಲಿ ಎರಡು ಲಕ್ಷ. ತೆರಿಗೆ ಕಳೆದು ಹನ್ನೆರಡು ಲಕ್ಷ ಕೈಗೆ ಬರುವಷ್ಟು ಷೇರನ್ನು ಅದೇ ವಾರ ಮಾರಲಾಯಿತು. ಎರಡನೆಯ ರಾಶಿ ಬೀಜದ್ದು. ಹೆಚ್ಚುಕಡಿಮೆ ಅಷ್ಟೇ ಷೇರನ್ನು ಮೂರು ತಿಂಗಳಿಗೊಮ್ಮೆ, ನಿಗದಿಯಾದ ದಿನದಂದು, ಅಂದಿನ ಬೆಲೆ ಏನೇ ಇರಲಿ, ನಾಲ್ಕು ಕಂತುಗಳಲ್ಲಿ ಮಾರಿ, ಹತ್ತಾರು ಕಂಪನಿಗಳಿಗೆ ಹರಡಿದ ಮ್ಯೂಚುವಲ್ ಫಂಡಿಗೂ ಅಂಚೆ ಕಚೇರಿಯ ಉಳಿತಾಯಕ್ಕೂ ಹಾಕುವುದೆಂದು ನಿಶ್ಚಯಿಸಿದೆವು. ಮೂರನೆಯದು ಆಸೆಯ ರಾಶಿ. ಅದನ್ನು ಮುಟ್ಟಲಿಲ್ಲ. ಅದು ಮೂರು ಪಟ್ಟಾದರೆ ಸಂತೋಷ. ಮಣ್ಣುಪಾಲಾದರೂ ಮನೆಯಲ್ಲಿ ಯಾರ ತಟ್ಟೆಯೂ ಬರಿದಾಗದು.

ಆಗ ಅಕ್ಕ ಒಂದು ಮಾತು ನೆನಪಿಸಿದಳು. ಹಿಂದೆ ರಾಶಿ ಅಳೆಯುವ ಮುನ್ನ ಕಮ್ಮಾರ, ಬಡಗಿ, ಅಗಸ ಮೊದಲಾದವರಿಗೆ ಆಯ ತೆಗೆದಿಡುತ್ತಿದ್ದರಲ್ಲವೇ? ಆ ವರ್ಷ ಪಕ್ಕದ ಮನೆಯ ಹುಡುಗಿಯ ಪಿ.ಯು.ಸಿ. ಶುಲ್ಕ ಮೊದಲ ರಾಶಿಯಿಂದಲೇ ಹೋಯಿತು.

ಮುಂದೇನಾಯಿತೆಂದು ತಾವು ಕೇಳಬಹುದು. ಮಾರಿದ ಎರಡೇ ತಿಂಗಳಲ್ಲಿ ಷೇರಿನ ಬೆಲೆ ಐದನೇ ಒಂದು ಪಾಲು ಮತ್ತೆ ಏರಿತು! ಅಳಿಯ ಮುಖ ಸಣ್ಣದು ಮಾಡಿಕೊಂಡು, “ಅಮ್ಮಾ, ಸುಮ್ಮನೆ ಎರಡೂವರೆ ಲಕ್ಷ ಹೋಯಿತು” ಎಂದ. ಅಕ್ಕ, “ಹೋಗುವುದಕ್ಕೆ ಅದು ನಮ್ಮ ಮನೆಗೆ ಬಂದಿತ್ತೇ ಮಗಾ? ಬಂದಿರುವುದು ಪತ್ರ. ಅದು ಪೆಟ್ಟಿಗೆಯಲ್ಲಿದೆ, ನೋಡು” ಎಂದಳು. ಮುಂದೊಂದು ಕಾಲಕ್ಕೆ ಬೆಲೆ ಮೂರನೇ ಒಂದು ಪಾಲು ಕುಸಿಯಿತು. ಬಳಿಕ ಮತ್ತೆ ಚೇತರಿಸಿಕೊಂಡಿತು. ಕುಸಿದಾಗಲೂ ಅಳಿಯ ಉಳಿದ ಷೇರನ್ನು ಗಾಬರಿಯಿಂದ ಮಾರಲಿಲ್ಲ. ಮಾರಬೇಕಾದ ಕಾರಣವೇ ಮನೆಯಲ್ಲಿ ಉಳಿದಿರಲಿಲ್ಲ. ಒಂದು ಪಾಲನ್ನು ಮಾರಿದ್ದರಿಂದಲೇ ಇನ್ನೊಂದು ಪಾಲನ್ನು ಇಟ್ಟುಕೊಳ್ಳುವ ಶಕ್ತಿ ಅವನಿಗೆ ಬಂದಿತ್ತು. ಮಾರುವುದು ಮತ್ತು ಕಾಯುವುದು ಒಂದಕ್ಕೊಂದು ವೈರಿಗಳಲ್ಲ ಎಂಬುದನ್ನು ನಾನು ಆ ಮನೆಯಲ್ಲಿ ಕಂಡೆ.

ತಮ್ಮ ಮನೆಯಲ್ಲಿ

ಪ್ರಿಯ ಓದುಗರೇ, ತಮ್ಮ ಮನೆಯಲ್ಲಿಯೂ ಇಂಥ ಷೇರು ಇದ್ದರೆ ಕೆಲವು ಮಾತುಗಳನ್ನು ಗಮನಿಸಿರಿ. ತೆರಿಗೆಯ ಭಯದಿಂದ ನಿರ್ಧಾರವನ್ನು ಮುಂದೂಡಬೇಡಿ. ತೆರಿಗೆ ಬೀಳುವುದು ಲಾಭದ ಮೇಲೆ ಮಾತ್ರ. 2024ರ ಜುಲೈನಲ್ಲಿ ಬಂದ ನಿಯಮದಂತೆ, ನಮ್ಮ ದೇಶದ ಷೇರುಪೇಟೆಯ ಷೇರನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟು ಮಾರಿದರೆ ವರ್ಷದ ಲಾಭದಲ್ಲಿ ಒಂದೂಕಾಲು ಲಕ್ಷ ರೂಪಾಯಿವರೆಗೆ ತೆರಿಗೆಯಿಲ್ಲ; ಅದನ್ನು ಮೀರಿದ್ದಕ್ಕೆ ನೂರಕ್ಕೆ ಹನ್ನೆರಡೂವರೆ. ವರ್ಷ ತುಂಬುವ ಮೊದಲೇ ಮಾರಿದರೆ ನೂರಕ್ಕೆ ಇಪ್ಪತ್ತು. ವಿದೇಶದ ಷೇರಿಗೆ ಆ ಅವಧಿ ಎರಡು ವರ್ಷ. ಕಂಪನಿ ಕೊಟ್ಟ ಷೇರು ಕೈಗೆ ಬಂದ ದಿನವೇ ಅದರ ಬೆಲೆ ಸಂಬಳವೆಂದು ಎಣಿಕೆಯಾಗುತ್ತದೆ; ವಿದೇಶದ ಷೇರಿದ್ದರೆ ತೆರಿಗೆ ವಿವರದಲ್ಲಿ ಅದನ್ನು ಕಾಣಿಸಲೇಬೇಕು. ಬಲ್ಲ ಲೆಕ್ಕಿಗರನ್ನು ಒಮ್ಮೆ ಕೇಳುವುದು ಲೇಸು.

ಎರಡನೆಯದಾಗಿ, ಒಬ್ಬರೇ ಕುಳಿತು ತೀರ್ಮಾನಿಸಬೇಡಿ. ಹಳೆಯ ಕಣಜಗಳನ್ನು ಕೆಡವಿ ದೊಡ್ಡ ಕಣಜಗಳನ್ನು ಕಟ್ಟಿಸಲು ಹೊರಟ ಸಿರಿವಂತನ ಸಾಮತಿಯನ್ನು ನಾವೆಲ್ಲ ದೇವಾಲಯದಲ್ಲಿ ಕೇಳಿದ್ದೇವೆ. ಆ ಸಾಮತಿಯಲ್ಲಿ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಆ ಮನುಷ್ಯನು ಕೊನೆಯವರೆಗೂ ಮಾತನಾಡುವುದು ತನ್ನೊಡನೆ ಮಾತ್ರ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಆಳುಕಾಳುಗಳಿಲ್ಲ, ನೆರೆಯವನಿಲ್ಲ. ನಡುರಾತ್ರಿ ಮೊಬೈಲಿನ ಬೆಳಕಿನಲ್ಲಿ ಬೆಲೆ ನೋಡುತ್ತಾ ಕುಳಿತ ನಮ್ಮ ಮಕ್ಕಳೂ ಹಾಗೆಯೇ ಒಂಟಿಯಾಗಿರುತ್ತಾರೆ. ಅವರನ್ನು ಗದರಿಸದೆ, ಅವರ ಲೆಕ್ಕವನ್ನು ಪೂರ್ತಿ ಕೇಳಿ. ಅಡುಗೆಮನೆಯಿಂದ ಅಕ್ಕನಂಥವರನ್ನೂ ಕರೆದು ಕೂರಿಸಿಕೊಳ್ಳಿ. ಮನೆಗೆ ನಿಜವಾಗಿ ಏನು ಬೇಕೆಂದು ಅವರಿಗೆ ತಿಳಿದಿರುತ್ತದೆ.

ಕೊನೆಯದಾಗಿ, ‘ಬೆಲೆ ಎಷ್ಟಾದೀತು?’ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ‘ಈ ಹಣ ಯಾವುದಕ್ಕಾಗಿ?’ ಎಂದು ಕೇಳಿಕೊಳ್ಳಿ. ಮೊದಲ ಪ್ರಶ್ನೆಗೆ ಮುಂಬಯಿಯ ದಲ್ಲಾಳಿಗಳಲ್ಲಿಯೂ ಉತ್ತರವಿಲ್ಲ. ಎರಡನೆಯದಕ್ಕೆ ಉತ್ತರ ತಮ್ಮ ಮನೆಯಲ್ಲಿಯೇ ಇದೆ. ಒಂದು ಹಾಳೆಯ ಮೇಲೆ ಮೂರು ರಾಶಿಗಳನ್ನು ಬರೆಯಿರಿ. ಯಾವುದನ್ನು ಈಗಲೇ ಮಾರಬೇಕು, ಯಾವುದನ್ನು ಯಾವ ಯಾವ ದಿನಾಂಕಗಳಂದು ಮಾರಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ, ಎಲ್ಲರೂ ಸಹಿ ಹಾಕಿ, ಮನೆಯ ಬೈಬಲ್ಲಿನ ಪುಟಗಳ ನಡುವೆ ಇಟ್ಟುಬಿಡಿ. ಬೆಲೆ ಹುಚ್ಚೆದ್ದು ಏರಿದ ದಿನವೂ, ಕಂಗೆಡಿಸುವಂತೆ ಬಿದ್ದ ದಿನವೂ, ಮೊಬೈಲನ್ನು ತೆರೆಯುವ ಮೊದಲು ಆ ಹಾಳೆಯನ್ನು ತೆರೆದು ಓದಿರಿ.